ಒಂದೇ ಮಾತ್ರೆಗೆ ಮೂರು ಬೆಲೆ ಬರೆದದ್ದು ಯಾರು?

ಪ್ರಶ್ನೆ: ನನ್ನ ತಂದೆಗೆ 68 ವರ್ಷ. ಐದು ತಿಂಗಳ ಹಿಂದೆ ಖಾಸಗಿ ಆಸ್ಪತ್ರೆಯಲ್ಲಿ ಆಂಜಿಯೋಪ್ಲಾಸ್ಟಿ ಮಾಡಿ ಒಂದು ಸ್ಟೆಂಟ್ ಹಾಕಿದರು. ಸ್ಟೆಂಟಿಗೆ ಸರ್ಕಾರವೇ ದರ ಕಟ್ಟಿದೆ ಎಂದು ಧೈರ್ಯವಾಗಿದ್ದೆವು. ಬಿಲ್ ಬಂದಾಗ ನೋಡಿದರೆ ಸ್ಟೆಂಟಿಗಿಂತ ಉಳಿದ ಸಾಲುಗಳದ್ದೇ ಭಾರ. ಈಗ ಪ್ರತಿ ತಿಂಗಳ ಮಾತ್ರೆಗಳ ಸರದಿ. ಆಸ್ಪತ್ರೆಯ ಫಾರ್ಮಸಿಯಲ್ಲಿ ಪೂರ್ತಿ ಎಂಆರ್‌ಪಿ, ಹೊರಗಿನ ಮೆಡಿಕಲ್‌ನಲ್ಲಿ ಅದೇ ಸ್ಟ್ರಿಪ್‌ಗೆ 20% ರಿಯಾಯಿತಿ, ಜನೌಷಧಿ ಕೇಂದ್ರದಲ್ಲಿ ಅದೇ ಔಷಧಕ್ಕೆ ಕಾಲು ಬೆಲೆಯೂ ಇಲ್ಲ. ಅಣ್ಣ ‘ಸರ್ಕಾರ, ಕಂಪನಿ ಎಲ್ಲ ಶಾಮೀಲು’ ಅನ್ನುತ್ತಾನೆ. ಭಾವ ‘ಸರ್ಕಾರ ಕೈ ಹಾಕದಿದ್ದರೆ ಪೈಪೋಟಿಯಲ್ಲಿ ಬೆಲೆ ತಾನೇ ಇಳಿಯುತ್ತದೆ’ ಅನ್ನುತ್ತಾರೆ. ಅಮ್ಮನಿಗೆ ಅಗ್ಗದ ಮಾತ್ರೆ ಕೊಡಲು ಭಯ. ಯಾರ ಮಾತು ಸರಿ? ನಾವೇನು ಮಾಡಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಡ್ಡಗೋಡೆ ಮೇಲೆ ದೀಪ ಇಡದೆ ಹೇಳುತ್ತೇನೆ. ನಿಮ್ಮ ಅಣ್ಣನ ಮಾತು ಅರ್ಧ ಸರಿ. ಭಾವನ ಮಾತು ಬೇರೆ ಸಾಮಾನಿಗೆ ಸರಿ, ಔಷಧಕ್ಕೆ ಅಲ್ಲ. ಅಮ್ಮನ ಭಯಕ್ಕೆ ಕಾರಣವಿದೆ, ಆದರೆ ಅದು ಬೆಲೆಯ ಕಡೆಗೆ ತಿರುಗಿಕೊಂಡಿದೆ. ತಿರುಗಬೇಕಾದದ್ದು ತಪಾಸಣೆಯ ಕಡೆಗೆ.

ಇಪ್ಪತ್ತೆರಡು ವರ್ಷ ಆಸ್ಪತ್ರೆಗಳ ಔಷಧ ಖರೀದಿ ವಿಭಾಗದಲ್ಲಿ ಕೂತವನು ನಾನು. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಇಂಜೆಕ್ಷನ್‌ಗೆ ಮೂರು ಕಂಪನಿಗಳಿಂದ ಕೊಟೇಶನ್ ಬಂದಿತ್ತು. ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ಮೊದಲನೆಯದು ಆಸ್ಪತ್ರೆಗೆ 60 ರೂಪಾಯಿಗೆ ಕೊಡುತ್ತಿತ್ತು, ಬಾಟಲಿಯ ಮೇಲೆ ಎಂಆರ್‌ಪಿ 110. ಎರಡನೆಯದು ಆಸ್ಪತ್ರೆಗೆ 58, ಎಂಆರ್‌ಪಿ 240. ಮೂರನೆಯದು ಆಸ್ಪತ್ರೆಗೆ 62, ಎಂಆರ್‌ಪಿ 395. ನಾನು ಜಾಣನಂತೆ 58ಕ್ಕೆ ಸುತ್ತು ಹಾಕಿ ಮೇಲಿನವರ ಟೇಬಲ್ಲಿಗೆ ಒಯ್ದೆ. ಅವರು ಪೆನ್ನು ತೆಗೆದು ಅದನ್ನು ಹೊಡೆದುಹಾಕಿ 62ಕ್ಕೆ ಟಿಕ್ ಹಾಕಿದರು. ‘ನಾವು ಕೊಳ್ಳೋ ರೇಟ್ ನೋಡಬೇಡಪ್ಪ, ಮಾರೋ ರೇಟ್ ನೋಡು’ ಅಂದರು. ಮುಂದಿನ ವರ್ಷ 110 ಬರೆದಿದ್ದ ಕಂಪನಿಯವರೂ ತಮ್ಮ ಎಂಆರ್‌ಪಿಯನ್ನು ಏರಿಸಿಕೊಂಡೇ ಬಂದರು. ಬರದೆ ಏನು ಮಾಡುತ್ತಾರೆ?

ನಿಮ್ಮ ಭಾವನವರಿಗೆ ಉತ್ತರ ಆ ಒಂದು ಹಾಳೆಯಲ್ಲಿದೆ. ಅಲ್ಲಿ ಮೂರು ಕಂಪನಿಗಳಿದ್ದವು, ಪೈಪೋಟಿಯೂ ಜೋರಾಗಿತ್ತು. ಆದರೆ ಪೈಪೋಟಿ ನಡೆದದ್ದು ರೋಗಿಗೆ ಕಡಿಮೆ ಬೆಲೆಗೆ ಯಾರು ಕೊಡುತ್ತಾರೆ ಎಂದಲ್ಲ, ಮಾರುವವನಿಗೆ ಹೆಚ್ಚು ಅಂತರ ಯಾರು ಬಿಡುತ್ತಾರೆ ಎಂದು. ತರಕಾರಿ ಕೊಳ್ಳುವಾಗ ಆರಿಸುವವರೂ ನೀವೇ, ದುಡ್ಡು ಕೊಡುವವರೂ ನೀವೇ. ಔಷಧದಲ್ಲಿ ಆರಿಸುವವರು ವೈದ್ಯರು, ದಾಸ್ತಾನು ಇಡುವವರು ಆಸ್ಪತ್ರೆ, ನುಂಗುವವರು ನಿಮ್ಮ ತಂದೆ, ದುಡ್ಡು ನಿಮ್ಮದು. ಸರ್ಕಾರ ಪೂರ್ತಿ ಪಕ್ಕಕ್ಕೆ ಸರಿದರೂ ಈ ಗಂಟು ಬಿಚ್ಚುವುದಿಲ್ಲ.

ಎಂಆರ್‌ಪಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಓದಿದವರಲ್ಲೂ ಇದೆ: ಅದು ಸರ್ಕಾರ ಬರೆದ ಬೆಲೆ ಎಂದು. ಅಲ್ಲ. ಅದನ್ನು ಅಚ್ಚು ಹಾಕುವುದು ಕಂಪನಿ. ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎನ್ನುವುದಷ್ಟೇ ಕಾನೂನು. ರೋಗಿಯ ರಕ್ಷಣೆಗೆಂದು ಮಾಡಿದ ಈ ನಿಯಮ, ಹೆಚ್ಚು ಬರೆದವನಿಗೇ ಗಿರಾಕಿ ಹೆಚ್ಚು ಎಂಬ ಪೇಟೆಗೆ ಬಂದಾಗ ತಲೆಕೆಳಗಾಯಿತು. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ 2018ರ ಫೆಬ್ರುವರಿಯಲ್ಲಿ ದೆಹಲಿ ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ತೆರೆದು ನೋಡಿ ಹೇಳಿದ್ದೂ ಇದನ್ನೇ. ಕೆಲವು ಸಾಮಗ್ರಿಗಳ ಮೇಲೆ ಲಾಭದ ಅಂತರ 1,737% ಮುಟ್ಟಿತ್ತು. ಆ ಲಾಭದ ದೊಡ್ಡ ಪಾಲು ತಯಾರಕರಿಗಲ್ಲ, ಆಸ್ಪತ್ರೆಗಳಿಗೆ ಹೋಗುತ್ತಿತ್ತು. ಸಗಟಾಗಿ ಕೊಳ್ಳುವ ಆಸ್ಪತ್ರೆಗಳ ಒತ್ತಡಕ್ಕೆ ತಯಾರಕರು ಎಂಆರ್‌ಪಿ ಏರಿಸಿ ಅಚ್ಚು ಹಾಕುತ್ತಿದ್ದರು. ನಿಮಗೆ ಹೊರಗಿನ ಮೆಡಿಕಲ್‌ನವರು 20% ಬಿಟ್ಟುಕೊಟ್ಟದ್ದೂ ಧರ್ಮಕ್ಕಲ್ಲ. ಅಂಗಡಿಯ ಮಾಮೂಲಿ ಕಮಿಷನ್ನೂ, ‘ಹತ್ತಕ್ಕೆ ಎರಡು ಫ್ರೀ’ ಎಂಬಂಥ ಸ್ಕೀಮಿನಲ್ಲಿ ಸ್ಟಾಕಿಸ್ಟ್, ಅಂದರೆ ಸಗಟು ವ್ಯಾಪಾರಿ, ಬಿಟ್ಟದ್ದೂ ಸೇರಿದ ಲಾಭದಲ್ಲಿ ಒಂದು ಪಾಲು ಅದು.

ಹಾಗಾದರೆ ಸರ್ಕಾರ ಬೆಲೆ ಕಟ್ಟುವುದೇ ಇಲ್ಲವೇ? ಕಟ್ಟುತ್ತದೆ. ಕಟ್ಟುವ ರೀತಿ ನೋಡಿದರೆ ನಿಮ್ಮ ಅಣ್ಣ ಅರ್ಧ ಸರಿ ಎಂದದ್ದು ಯಾಕೆಂದು ತಿಳಿಯುತ್ತದೆ. 1979ರ ಔಷಧ ಬೆಲೆ ನಿಯಂತ್ರಣ ಆದೇಶ 347 ಔಷಧಗಳನ್ನು ಹಿಡಿದಿಟ್ಟಿತ್ತು. 1987ರಲ್ಲಿ ಅದು 142ಕ್ಕೆ ಇಳಿಯಿತು, 1995ರಲ್ಲಿ 74ಕ್ಕೆ. ಪ್ರತಿ ಸಲವೂ ಉದ್ಯಮ ಹೇಳಿದ್ದು ಒಂದೇ ಮಾತು: ಲಾಭವಿಲ್ಲದಿದ್ದರೆ ತಯಾರಿಕೆ ನಿಲ್ಲುತ್ತದೆ. ಆಗೆಲ್ಲ ತಯಾರಿಕೆಯ ಖರ್ಚು ಲೆಕ್ಕ ಹಾಕಿ, ಅದರ ಮೇಲೆ ಇಷ್ಟು ಶೇಕಡಾ ಎಂದು ಬೆಲೆ ಕಟ್ಟುತ್ತಿದ್ದರು. 2013ರ ಆದೇಶ ಲೆಕ್ಕದ ಬುಡವನ್ನೇ ಬದಲಿಸಿತು. ಈಗ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಒಂದು ಔಷಧವನ್ನು ತೆಗೆದುಕೊಂಡು, ಮಾರುಕಟ್ಟೆಯಲ್ಲಿ 1% ಅಥವಾ ಹೆಚ್ಚು ಪಾಲಿರುವ ಎಲ್ಲ ಬ್ರ್ಯಾಂಡ್‌ಗಳು ಅಂಗಡಿಗೆ ಯಾವ ದರಕ್ಕೆ ಕೊಡುತ್ತಿವೆಯೋ ಅದರ ಸರಾಸರಿ ಹಿಡಿದು, ಮೇಲೆ ಅಂಗಡಿಯವರ ಪಾಲು 16% ಸೇರಿಸಿದರೆ ಅದೇ ಗರಿಷ್ಠ ಬೆಲೆ. ಇದಕ್ಕಿಂತ ಮೇಲಿದ್ದವರು ಇಳಿಯಬೇಕು, ಆಮೇಲೆ ವರ್ಷಕ್ಕೊಮ್ಮೆ ಸಗಟು ಬೆಲೆ ಸೂಚ್ಯಂಕ ಏರಿದಷ್ಟು ಏರಿಸಬಹುದು.

ಇನ್ನೊಮ್ಮೆ ಓದಿ. ಮಾತ್ರೆ ಮಾಡಲು ಎಷ್ಟು ಖರ್ಚಾಯಿತು ಎಂಬ ಪ್ರಶ್ನೆಯೇ ಈ ಲೆಕ್ಕದಲ್ಲಿಲ್ಲ. ಗೆರೆ ಹಾಕುವುದು ಸರ್ಕಾರ, ಗೆರೆ ಎಷ್ಟು ಎತ್ತರದಲ್ಲಿರಬೇಕು ಎನ್ನುವುದು ಕಂಪನಿಗಳ ಅಂಕಿಯಿಂದ ಬರುತ್ತದೆ. ತೀರಾ ದುಬಾರಿಯಿದ್ದ ಬ್ರ್ಯಾಂಡ್ ಇಳಿಯಿತು, ಅದು ನಿಜವಾದ ಲಾಭ, ನಾನು ಅಲ್ಲಗಳೆಯುವುದಿಲ್ಲ. ಆದರೆ ಖರ್ಚಿಗೂ ಬೆಲೆಗೂ ನಡುವಿನ ಕಂದರಕ್ಕೆ ಸರ್ಕಾರಿ ಮುದ್ರೆ ಬಿತ್ತು. 2022ರ ಪಟ್ಟಿಯಲ್ಲಿರುವುದು 384 ಔಷಧಗಳು. ಪಟ್ಟಿಯ ಹೊರಗಿನವಕ್ಕೆ ಮೊದಲ ಬೆಲೆ ಕಂಪನಿಯ ಇಷ್ಟ, ನಂತರ ವರ್ಷಕ್ಕೆ 10% ಮೀರಿ ಏರಿಸಬಾರದು ಅಷ್ಟೇ. ಮೊದಲ ದಿನವೇ ಎಷ್ಟು ಬರೆದುಕೊಳ್ಳಬೇಕು ಎನ್ನುವುದನ್ನು ಈ ನಿಯಮವೇ ಹೇಳಿಕೊಟ್ಟಂತಾಯಿತು.

ಕತ್ತಲೆ ಕೋಣೆಯಲ್ಲಿ ಕೂತು ಒಪ್ಪಂದ ಮಾಡಿಕೊಳ್ಳುವುದನ್ನು ಶಾಮೀಲು ಅನ್ನುವುದಾದರೆ ನಾನು ಅದನ್ನು ಕಂಡಿಲ್ಲ. ನಾನು ಕಂಡದ್ದು ಬೆಳಕಿನಲ್ಲೇ ನಡೆಯುತ್ತದೆ: ಕರಡು ಪ್ರಕಟವಾಗುತ್ತದೆ, ಆಕ್ಷೇಪಣೆಗೆ ದಿನ ಕೊಡುತ್ತಾರೆ. ಆ ದಿನಗಳಲ್ಲಿ ವಕೀಲರನ್ನು ಕಟ್ಟಿಕೊಂಡು ನೂರು ಪುಟ ಬರೆಯುವ ಪುರಸೊತ್ತು ಕಂಪನಿಗಳಿಗೆ, ಆಸ್ಪತ್ರೆ ಸಂಘಗಳಿಗೆ, ವೈದ್ಯರ ಸಂಘಗಳಿಗೆ ಇರುತ್ತದೆ. ನಿಮಗಾಗಲಿ ನಿಮ್ಮ ತಂದೆಗಾಗಲಿ ಇರುವುದಿಲ್ಲ. ನಮ್ಮ ರಾಜ್ಯದ್ದೇ ಒಂದು ಪ್ರಕರಣ ಇದೆ. 2017ರಲ್ಲಿ ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದರು. ಚಿಕಿತ್ಸೆಗಳಿಗೆ ಸರ್ಕಾರವೇ ದರ ಕಟ್ಟುವುದು, ತಪ್ಪಿದರೆ ಜೈಲು ಎಂದು ಕರಡಿನಲ್ಲಿತ್ತು. ನವೆಂಬರಿನಲ್ಲಿ, ಬೆಳಗಾವಿ ಅಧಿವೇಶನದ ಹೊತ್ತಿಗೆ, ರಾಜ್ಯಾದ್ಯಂತ ಖಾಸಗಿ ಆಸ್ಪತ್ರೆಗಳು ಹೊರರೋಗಿ ವಿಭಾಗ ಮುಚ್ಚಿದವು. ಕೊನೆಗೆ ಪಾಸಾದ ಕಾಯ್ದೆಯಲ್ಲಿ ದರ ಮೀರಿದರೆ ಜೈಲು ಎಂಬ ಮಾತು ಹೋಗಿತ್ತು. ದರ ಕಟ್ಟುವ ಅಧಿಕಾರ ಸರ್ಕಾರಿ ಆರೋಗ್ಯ ಯೋಜನೆಗಳಡಿ ನಡೆಯುವ ಚಿಕಿತ್ಸೆಗಷ್ಟೇ ಉಳಿಯಿತು. ಮಿಕ್ಕವರಿಗೆ ದರಪಟ್ಟಿ ತೂಗುಹಾಕಿದರೆ ಸಾಕು. ವೈದ್ಯರ ವಾದದಲ್ಲಿ ಹುರುಳಿರಲಿಲ್ಲ ಎನ್ನಲಾರೆ; ‘ಸರ್ಕಾರಿ ಆಸ್ಪತ್ರೆಗಳನ್ನು ಯಾಕೆ ಇದರಡಿ ತರುವುದಿಲ್ಲ’ ಎಂಬ ಅವರ ಪ್ರಶ್ನೆಗೆ ಯಾರೂ ನೆಟ್ಟಗೆ ಉತ್ತರಿಸಲಿಲ್ಲ. ಅದೇನೇ ಇರಲಿ, ನಿಮ್ಮ ಬಿಲ್ಲಿಗೆ ಮೇಲ್ಮಿತಿ ಇಲ್ಲದಿರುವುದರ ಬೇರು ಆ ನವೆಂಬರಿನಲ್ಲಿದೆ.

ಔಷಧದ ಚೀಟಿಯದ್ದೂ ಹೀಗೇ. ವೈದ್ಯರು ಬ್ರ್ಯಾಂಡ್ ಹೆಸರು ಬರೆದರೆ, ಶೆಡ್ಯೂಲ್ ಎಚ್‌ಗೆ (ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿ) ಸೇರಿದ ಔಷಧದಲ್ಲಿ ಅಂಗಡಿಯವರು ಅದೇ ಔಷಧದ ಬೇರೆ ಬ್ರ್ಯಾಂಡ್ ಕೊಡುವಂತಿಲ್ಲ. ರೋಗಿಯ ಸುರಕ್ಷತೆಗೆಂದು ಬಂದ ನಿಯಮ ಇದು. ಬ್ರ್ಯಾಂಡುಗಳಿಗೆ ಇದಕ್ಕಿಂತ ಗಟ್ಟಿ ಬೇಲಿ ಬೇಕಿಲ್ಲ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಎಲ್ಲ ವೈದ್ಯರೂ ಜೆನೆರಿಕ್ ಹೆಸರನ್ನೇ, ಅಂದರೆ ಬ್ರ್ಯಾಂಡಿನದ್ದಲ್ಲದ ಔಷಧದ ಮೂಲ ಹೆಸರನ್ನೇ, ಬರೆಯಬೇಕು ಎಂದಿತು. ಅದೇ ತಿಂಗಳು ಮುಗಿಯುವ ಮೊದಲೇ ನಿಯಮ ತಡೆಹಿಡಿಯಲ್ಪಟ್ಟಿತು. ಕಂಪನಿಗಳು ವೈದ್ಯರಿಗೆ ಕೊಡುವ ಉಡುಗೊರೆ, ಪ್ರವಾಸಗಳ ಖರ್ಚನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಲು 2022 ಬೇಕಾಯಿತು. ಅಲ್ಲಿಯವರೆಗೆ ಮೇಲಿನ ನ್ಯಾಯಾಲಯದವರೆಗೂ ಹೋಗಿ ಆ ರಿಯಾಯಿತಿಗಾಗಿ ವಾದಿಸಿದವರಿದ್ದರು. ಹೆಸರು ಹೊರಗೆ ಬಾರದಂತೆ ಪಕ್ಷಗಳಿಗೆ ದೇಣಿಗೆ ಕೊಡುವ ಚುನಾವಣಾ ಬಾಂಡ್ ರದ್ದಾಗಿ 2024ರಲ್ಲಿ ಕೊಂಡವರ ಹೆಸರು ಹೊರಬಂದಾಗ ಅದರಲ್ಲಿ ಔಷಧ ಕಂಪನಿಗಳೂ ಆಸ್ಪತ್ರೆಗಳೂ ಇದ್ದವು. ಕೊಟ್ಟದ್ದಕ್ಕೆ ಏನು ಸಿಕ್ಕಿತು ಎನ್ನುವುದು ಆ ಪಟ್ಟಿಯಿಂದಷ್ಟೇ ಸಾಬೀತಾಗುವುದಿಲ್ಲ. ನಿಮ್ಮ ಅಣ್ಣನಿಗೆ ಅಲ್ಲಿ ನಾನು ಪೂರ್ತಿ ಅಂಕ ಕೊಡಲಾರೆ.

ಇನ್ನರ್ಧ ಯಾಕೆ ತಪ್ಪು ಎಂದೂ ಹೇಳಬೇಕು. ಸರ್ಕಾರ ಮತ್ತು ಕಂಪನಿ ಕೈಜೋಡಿಸಿದ್ದರಿಂದಲೇ ಈ ದೇಶದಲ್ಲಿ ಔಷಧ ಅಗ್ಗವಾದದ್ದೂ ಉಂಟು. 1970ರ ಪೇಟೆಂಟ್ ಕಾಯ್ದೆ ಔಷಧಕ್ಕೆ ಪೇಟೆಂಟ್ ಕೊಡದೆ ಅದನ್ನು ತಯಾರಿಸುವ ವಿಧಾನಕ್ಕಷ್ಟೇ ಕೊಟ್ಟಿತು. ಬೇರೆ ವಿಧಾನದಲ್ಲಿ ಅದೇ ಔಷಧ ಮಾಡಲು ನಮ್ಮ ಕಂಪನಿಗಳು ಕಲಿತವು. ಎಚ್‌ಐವಿ ಔಷಧಕ್ಕೆ ಜಗತ್ತಿನಲ್ಲಿ ವರ್ಷಕ್ಕೆ 10,000 ಡಾಲರಿಗೂ ಮೇಲೆ ಇದ್ದಾಗ, 2001ರಲ್ಲಿ ಸಿಪ್ಲಾ ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡುತ್ತೇನೆ ಎಂದದ್ದು ಆ ಕಲಿಕೆಯ ಬಲದಿಂದ. 2005ರಲ್ಲಿ ಔಷಧಕ್ಕೇ ಪೇಟೆಂಟ್ ಕೊಡುವ ಪದ್ಧತಿ ಮರಳಿದ ಮೇಲೂ ಕಾಯ್ದೆಯಲ್ಲಿ ಕೆಲವು ಹಲ್ಲು ಉಳಿಸಿಕೊಂಡರು. ತಿಂಗಳಿಗೆ 2.8 ಲಕ್ಷ ರೂಪಾಯಿಯ ಒಂದು ಕ್ಯಾನ್ಸರ್ ಔಷಧವನ್ನು 2012ರಲ್ಲಿ ಕಡ್ಡಾಯ ಪರವಾನಗಿಯಡಿ, ಅಂದರೆ ಪೇಟೆಂಟ್ ಇದ್ದವರ ಒಪ್ಪಿಗೆ ಇಲ್ಲದೆಯೂ, ಇನ್ನೊಂದು ಕಂಪನಿಗೆ ತಯಾರಿಸಲು ಬಿಟ್ಟಾಗ ಬೆಲೆ 8,800ಕ್ಕೆ ಬಂತು. 2019ರಲ್ಲಿ 42 ಕ್ಯಾನ್ಸರ್ ಔಷಧಗಳ ಮೇಲೆ ವ್ಯಾಪಾರಿಗಳ ಪಾಲನ್ನು 30%ಗೆ ಮಿತಿಗೊಳಿಸಿದಾಗ 500ಕ್ಕೂ ಹೆಚ್ಚು ಬ್ರ್ಯಾಂಡ್‌ಗಳ ಎಂಆರ್‌ಪಿ ಇಳಿಯಿತು. ಕಂಪನಿಯ ಬೆಲೆಯನ್ನು ಮುಟ್ಟದೆ, ನಡುವಿನ ಅಂತರವನ್ನಷ್ಟೇ ಹಿಂಡಿದ್ದರ ಫಲ ಇದು. ನನ್ನನ್ನು ಕೇಳಿದರೆ ಪಟ್ಟಿಯ ಹೊರಗಿನ ಎಲ್ಲ ಔಷಧಗಳಿಗೂ ಇದೇ ಮದ್ದು. ಅಪಾಯ ಇಲ್ಲವೆಂದಲ್ಲ: ಅಂತರಕ್ಕೆ ಶೇಕಡಾ ಮಿತಿ ಹಾಕಿದರೆ, ಕಂಪನಿಯ ಮೂಲ ಬೆಲೆಯೇ ಮೇಲೇರುವಂತೆ ಮಾಡಿ ಅದೇ ಶೇಕಡಾದಲ್ಲಿ ಹೆಚ್ಚು ದುಡ್ಡು ಮಾಡುವವರು ಇರುತ್ತಾರೆ. ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ.

ನಿಮ್ಮ ಸ್ಟೆಂಟ್ ಬಿಲ್ಲಿನಲ್ಲಿ ಆದದ್ದು ಅದೇ ತೂರಾಟ. ಒಬ್ಬ ವಕೀಲರು ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಸ್ಟೆಂಟ್ ಅಗತ್ಯ ಪಟ್ಟಿಗೆ ಬಂತು. 2017ರ ಫೆಬ್ರುವರಿಯಲ್ಲಿ ಸಾದಾ ಲೋಹದ್ದಕ್ಕೆ 7,260, ಔಷಧ ಲೇಪಿಸಿದ್ದಕ್ಕೆ 29,600 ರೂಪಾಯಿ ಎಂದು ಗೆರೆ ಬಿತ್ತು. ಲೇಪಿತ ಸ್ಟೆಂಟ್ ಅದಕ್ಕೆ ಮುಂಚೆ ಲಕ್ಷ ದಾಟುತ್ತಿತ್ತು. ಆ ದರ ಆಮೇಲೆ ಕಾಲಕಾಲಕ್ಕೆ ಪರಿಷ್ಕರಣೆಯಾಗಿದೆ. ಕೆಲವು ಬಹುರಾಷ್ಟ್ರೀಯ ಕಂಪನಿಗಳು ದುಬಾರಿ ಮಾದರಿಗಳನ್ನು ಮಾರುಕಟ್ಟೆಯಿಂದ ವಾಪಸು ಪಡೆಯುತ್ತೇವೆಂದು ಅರ್ಜಿಯನ್ನೂ ಹಾಕಿದವು. ಆದರೆ ಸ್ಟೆಂಟ್ ಒಂದೇ ಹೃದಯಕ್ಕೆ ಹೋಗುವುದಿಲ್ಲವಲ್ಲ. ಅದನ್ನು ರಕ್ತನಾಳದೊಳಗೆ ಒಯ್ದು ಕೂರಿಸಲು ಬಲೂನು, ಕ್ಯಾತಿಟರ್ ಎಂಬ ಸಣ್ಣ ಕೊಳವೆ, ಗೈಡ್ ವೈರ್ ಎಂಬ ತಂತಿ ಜೊತೆಗೆ ಬೇಕು. ಅವಕ್ಕೆ ಗರಿಷ್ಠ ಬೆಲೆ ಇಲ್ಲ. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ಕಣ್ಣಲ್ಲಿ ಔಷಧವೇ ಆದ್ದರಿಂದ, ಅವುಗಳ ಎಂಆರ್‌ಪಿಯನ್ನು ವರ್ಷಕ್ಕೆ 10% ಮೀರಿ ಏರಿಸುವಂತಿಲ್ಲ ಎನ್ನುವುದಷ್ಟೇ ಹಿಡಿತ. ನಿಮ್ಮ ಬಿಲ್ಲಿನ ಭಾರ ಆ ಸಾಲುಗಳಿಗೆ ಯಾಕೆ ಜಾರಿತು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಈಗ ಅಮ್ಮನ ಭಯ. ಮನೆಯಲ್ಲಿರುವ ದುಬಾರಿ ಸ್ಟ್ರಿಪ್ಪನ್ನು ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರ ಓದಿ. ‘ಮಾರಾಟ ಮಾಡುವವರು’ ಎಂದು ದೊಡ್ಡ ಹೆಸರು, ‘ತಯಾರಿಸಿದವರು’ ಎಂದು ಕೇಳದ ಇನ್ನೊಂದು ಹೆಸರು, ಹಿಮಾಚಲದ ಬದ್ದಿಯದೋ ಉತ್ತರಾಖಂಡದ್ದೋ ವಿಳಾಸ ಕಾಣುವ ಸಾಧ್ಯತೆ ಸಾಕಷ್ಟಿದೆ. ಒಂದೇ ಕಾರ್ಖಾನೆ ಬ್ರ್ಯಾಂಡಿಗೂ ಟೆಂಡರಿಗೂ ಮಾತ್ರೆ ಒತ್ತಿಕೊಡುವುದು ಈ ಉದ್ಯಮದಲ್ಲಿ ದಿನನಿತ್ಯದ ಮಾತು. ಬೆಲೆಯ ಅಂತರದಲ್ಲಿ ದೊಡ್ಡ ಪಾಲು ಮೆಡಿಕಲ್ ರೆಪ್‌ಗಳ ಸಂಬಳ, ಪ್ರಚಾರ ಮತ್ತು ಅಂಗಡಿಯ ಕಮಿಷನ್. 2008ರಲ್ಲಿ ಶುರುವಾದ ಜನೌಷಧಿಯಲ್ಲಿ ಅಂಗಡಿಯ ಪಾಲು ಇದ್ದರೂ ರೆಪ್‌ಗಳ ಮತ್ತು ಬ್ರ್ಯಾಂಡ್ ಪ್ರಚಾರದ ಖರ್ಚಿಲ್ಲ, ಅದಕ್ಕೇ ಅಗ್ಗ. ಅಲ್ಲಿಗೆ ಬರುವ ಬ್ಯಾಚುಗಳನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ಕಳಿಸಬೇಕು. ದೇಹದಲ್ಲಿ ಸುಲಭಕ್ಕೆ ಕರಗದ ಎರಡು ವರ್ಗದ ಔಷಧಗಳಿಗೆ, ಮೂಲ ಔಷಧದಷ್ಟೇ ರಕ್ತಕ್ಕೆ ಸೇರುತ್ತದೆ ಎಂದು ಸಾಬೀತು ಮಾಡಿದರೆ ಮಾತ್ರ ಪರವಾನಗಿ ಎಂಬ ನಿಯಮ 2017ರಲ್ಲಿ ಬಂದಿದೆ. ಅದಕ್ಕೂ ಮುಂಚೆ ಪರವಾನಗಿ ಪಡೆದ ಹಳಬರು ಬಹಳ ಇದ್ದಾರೆ. ದುಬಾರಿ ಬ್ರ್ಯಾಂಡುಗಳಲ್ಲೂ ಇದ್ದಾರೆ.

ಭಯ ಪಡಬೇಕಾದ ಜಾಗ ಬೇರೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಬಿದ್ದದ್ದು ಸರ್ಕಾರಿ ಪೂರೈಕೆಯ ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ, ರಾಜ್ಯ ಅದರ ಬಳಕೆ ನಿಲ್ಲಿಸಿತು. ಕಡಿಮೆ ಬೆಲೆಗೆ ಟೆಂಡರ್ ಕೊಡುವುದು ತಪ್ಪಲ್ಲ. ತಮಿಳುನಾಡಿನ ವೈದ್ಯಕೀಯ ಸೇವಾ ನಿಗಮ 1995ರಿಂದ ಒಟ್ಟಾಗಿ ಖರೀದಿಸಿ, ಬಂದ ಬ್ಯಾಚ್ ಪರೀಕ್ಷೆಗೆ ಕಳಿಸಿ ಆಮೇಲೆ ಹಂಚುವ ಪದ್ಧತಿಗೆ ಹೆಸರಾಗಿದೆ. ಅಗ್ಗ ಮಾಡಿದವರು ತಪಾಸಣೆಯಲ್ಲೂ ಉಳಿತಾಯ ಮಾಡಿದರೆ ಮಾತ್ರ ಅದು ಅಪಾಯ.

ಹಾಗಾದರೆ ನೀವು ಮಾಡಬಹುದಾದದ್ದು. ಮೊದಲಿಗೆ ಒಂದು ಎಚ್ಚರಿಕೆ: ಬೆಲೆಯ ಹುಡುಕಾಟದಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಮಾತ್ರೆ ಒಂದು ದಿನವೂ ತಪ್ಪಬಾರದು. ಸ್ಟೆಂಟ್ ಹಾಕಿ ಐದೇ ತಿಂಗಳಾಗಿದೆ, ತಪ್ಪಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟುವ ಅಪಾಯವಿದೆ. ಜನೌಷಧಿಯ ದೊಡ್ಡ ಕೊರತೆ ಗುಣಮಟ್ಟದ್ದಲ್ಲ, ದಾಸ್ತಾನಿನದ್ದು: ‘ಮುಂದಿನ ವಾರ ಬರುತ್ತೆ ನೋಡಿ’ ಎಂಬ ಉತ್ತರ ಅಲ್ಲಿ ಅಪರೂಪವಲ್ಲ. ಆದ್ದರಿಂದ ಹದಿನೈದು ದಿನದ ಮಾತ್ರೆ ಕೈಯಲ್ಲಿರುವಾಗಲೇ ಹೋಗಿ. ಮುಂದಿನ ಭೇಟಿಯಲ್ಲಿ ಹೃದ್ರೋಗ ತಜ್ಞರನ್ನು ನೇರವಾಗಿ ಕೇಳಿ: ‘ಸರ್, ಇದರಲ್ಲಿ ಯಾವುದನ್ನು ಜೆನೆರಿಕ್‌ಗೆ ಬದಲಿಸಬಹುದು, ಯಾವುದು ಬೇಡ? ಔಷಧದ ಹೆಸರಿನಲ್ಲೇ ಬರೆದುಕೊಡಿ.’ ಕೇಳಿದರೆ ಬೇಸರ ಮಾಡಿಕೊಳ್ಳುವ ವೈದ್ಯರನ್ನು ನಾನು ಕಡಿಮೆ ನೋಡಿದ್ದೇನೆ. ಕೇಳುವ ರೋಗಿಗಳನ್ನು ಇನ್ನೂ ಕಡಿಮೆ. ತಂದೆಗೆ ಥೈರಾಯ್ಡ್, ಮೂರ್ಛೆರೋಗದ ಮಾತ್ರೆ ಅಥವಾ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇದ್ದರೆ ತಿಂಗಳಿಗೊಂದು ತಯಾರಕರನ್ನು ಬದಲಿಸಬೇಡಿ. ಅವುಗಳಲ್ಲಿ ಸಣ್ಣ ವ್ಯತ್ಯಾಸವೂ ತೊಂದರೆ ಕೊಡಬಹುದು.

ಸಾಮಾನ್ಯ ಮೆಡಿಕಲ್‌ಗೆ ಹೋಗಿ ‘ಜೆನೆರಿಕ್ ಕೊಡಿ’ ಎಂದರೆ ಮೋಸ ಹೋಗಬಹುದು. ಅಂಗಡಿಯವರು ಹತ್ತು ರೂಪಾಯಿಗೆ ಕೊಂಡ ಸ್ಟ್ರಿಪ್ಪಿನ ಮೇಲೂ ಬ್ರ್ಯಾಂಡಿಗೆ ಸರಿಸಮ ಎಂಆರ್‌ಪಿ ಅಚ್ಚಾಗಿರುತ್ತದೆ, ಅರ್ಧಕ್ಕೆ ಕೊಟ್ಟು ಉಪಕಾರ ಮಾಡಿದಂತೆ ತೋರಿಸುತ್ತಾರೆ. ಬೆಲೆ ಪ್ರಾಧಿಕಾರದ ‘ಫಾರ್ಮಾ ಸಹಿ ದಾಮ್’ ಆ್ಯಪ್‌ನಲ್ಲಿ ಔಷಧದ ಹೆಸರು ಹಾಕಿ ನೋಡಿ, ಗರಿಷ್ಠ ಬೆಲೆ ಇರುವ ಔಷಧವಾದರೆ ಅಲ್ಲೇ ಗೊತ್ತಾಗುತ್ತದೆ. ಗೆರೆ ಮೀರಿ ತೆಗೆದುಕೊಂಡಿದ್ದರೆ ಬಿಲ್ ಸಮೇತ ಪ್ರಾಧಿಕಾರಕ್ಕೆ ದೂರು ಕೊಡಬಹುದು.

ಆಸ್ಪತ್ರೆಯ ಫಾರ್ಮಸಿಯಲ್ಲೇ ಕೊಳ್ಳಬೇಕೆಂಬ ಕಾನೂನು ಇಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಎಲ್ಲಿ ಬೇಕಾದರೂ ಕೊಳ್ಳುವ ಹಕ್ಕು ಬರೆದಿದೆ. ಆದರೆ 2025ರ ಮಾರ್ಚ್‌ನಲ್ಲಿ ಈ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಅದು ಆಸ್ಪತ್ರೆಗಳಿಗೆ ಕಡ್ಡಾಯ ಆದೇಶ ಕೊಡದೆ, ನೀತಿ ರೂಪಿಸುವುದನ್ನು ರಾಜ್ಯಗಳಿಗೆ ಬಿಟ್ಟಿತು. ಅಂದರೆ ತಿಂಗಳ ಮಾತ್ರೆಗೆ ನೀವು ಹೊರಗೆ ಹೋಗಲು ಯಾರ ಅಡ್ಡಿಯೂ ಇಲ್ಲ. ಒಳರೋಗಿಯಾಗಿ ಮಲಗಿರುವಾಗ, ಕೈಗೆ ಡ್ರಿಪ್ ಹಾಕಿರುವಾಗ ಈ ಹಕ್ಕನ್ನು ಹಿಡಿದು ವಾದಿಸಲು ಆಗುವುದಿಲ್ಲ, ಅದೂ ನನಗೆ ಗೊತ್ತು.

ಹಳೆಯ ಬಿಲ್ಲಿನ ವಿಷಯ. ಸ್ಟೆಂಟಿನ ಬ್ರ್ಯಾಂಡ್, ತಯಾರಕರು, ಬ್ಯಾಚ್ ಸಂಖ್ಯೆ ಮತ್ತು ಬೆಲೆಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಬೇಕು ಎನ್ನುವುದು 2017ರ ಆದೇಶದಲ್ಲೇ ಇದೆ. ಅದಿಲ್ಲದಿದ್ದರೆ ಲಿಖಿತವಾಗಿ ಕೇಳಿ. ಬಲೂನು, ಕ್ಯಾತಿಟರ್‌ಗಳ ಸಂಖ್ಯೆಯನ್ನು ಆಂಜಿಯೋಪ್ಲಾಸ್ಟಿ ವರದಿಯ ಜೊತೆ ತಾಳೆ ನೋಡಿ: ವರದಿಯಲ್ಲಿ ಒಂದು ಬಲೂನು, ಬಿಲ್ಲಿನಲ್ಲಿ ಎರಡು ಇದ್ದರೆ ಪ್ರಶ್ನೆ ಕೇಳಲು ಕಾನೂನು ಓದಿರಬೇಕಿಲ್ಲ. ಆಸ್ಪತ್ರೆ ಉತ್ತರಿಸದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ, ಅರ್ಜಿ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಬಹುದು. ದರ ದುಬಾರಿಯಾಯಿತು ಎಂಬ ದೂರಿಗೆ ಅಲ್ಲಿ ಬಲ ಕಡಿಮೆ. ಬಳಸದ್ದಕ್ಕೆ ಬಿಲ್ ಹಾಕಿದರು, ತೂಗುಹಾಕಿದ ದರಪಟ್ಟಿಗಿಂತ ಹೆಚ್ಚು ತೆಗೆದುಕೊಂಡರು ಎಂಬ ದೂರಾದರೆ ಅವರು ಕಡತ ತೆರೆಯಲೇಬೇಕು. ತಂದೆಯ ತಪಾಸಣೆ ಇನ್ನೂ ಅದೇ ಆಸ್ಪತ್ರೆಯಲ್ಲಿ ನಡೆಯುತ್ತಿದ್ದರೆ ಮೊದಲು ವರದಿ, ಬಿಲ್, ಡಿಸ್ಚಾರ್ಜ್ ಚೀಟಿಯ ಪ್ರತಿಗಳನ್ನೆಲ್ಲ ಕೈಗೆ ತೆಗೆದುಕೊಂಡು, ಆಮೇಲೆ ಪತ್ರ ಬರೆಯಿರಿ.